ಬೆರಣಿ ಓದುತ್ತಿದ್ದ ನಮ್ಮತ್ತೆ

ಮೊಮ್ಮಗಳ ಬ್ಯಾಗಿನಲ್ಲಿ ಅಳಿಲಿನ ಬಾಲದಂಥ ಒಂದು ಬ್ರಷ್ಷಿತ್ತು. ಕೆನ್ನೆಗೆ ಪೌಡರು ಹಚ್ಚಿಕೊಳ್ಳುವುದೇನೋ ಅಂದುಕೊಂಡೆ. ಈಗಿನ ಹುಡುಗಿಯರು ಕೆನ್ನೆಗೊಂದು, ರೆಪ್ಪೆಗೊಂದು, ತುಟಿಗೊಂದು ಇಟ್ಟುಕೊಂಡಿರುತ್ತಾರೆ, ಒಂದನ್ನು ದೇವರಿಗೆ ಕೊಟ್ಟರೆ ಏನು ನಷ್ಟ ಅಂತ ತೆಗೆದುಕೊಂಡು ಹೋಗಿ ದೇವರ ಮನೆಯ ಫೋಟೋಗಳ ಧೂಳು ಹೊಡೆದೆ. ಎಷ್ಟು ಚೆನ್ನಾಗಿ ಹೊಡೆಯಿತು ಅಂದರೆ, ಫ್ರೇಮಿನ ಸಂದಿಯಲ್ಲಿ ಹೋದ ಯುಗಾದಿಯಿಂದ ಕೂತಿದ್ದ ಕುಂಕುಮವೂ ಉದುರಿ ಬಂತು. ಅದೇ ಹುರುಪಿನಲ್ಲಿ ರಾಗಿಹಿಟ್ಟಿನ ಡಬ್ಬದ ಕಂಠವನ್ನೂ ಒರೆಸಿದೆ. ಆಮೇಲೆ ನೋಡಿದರೆ ದೇವರ ಫೋಟೋಗಳೆಲ್ಲ ಕರ್ರಗೆ, ಹಿಟ್ಟಿನ ಡಬ್ಬ ಕರ್ರಗೆ, ನನ್ನ ಕೈ ಇದ್ದಿಲು ಮಾರುವವಳ ಕೈ ಹಾಗೆ.

"ಅಜ್ಜೀ! ಅದು ಬೆರಳಚ್ಚು ಎತ್ತೋ ಬ್ರಷ್ಷು!" ಪಲ್ಲವಿ ಕಿರುಚಿಕೊಂಡು ಬಂದಳು. ಬಂದವಳು ಫೋಟೋ ನೋಡಿ ತಡೆದು ನಿಂತಳು. ಆಮೇಲೆ ನಗು ಶುರುವಾಯಿತು. "ನೋಡಜ್ಜಿ, ಲಕ್ಷ್ಮಿ ಮುಖದ ಮೇಲೆಲ್ಲ ನಿನ್ನ ಬೆರಳೇ. ಕೋರ್ಟಿಗೆ ಕೊಟ್ರೆ ನಿನ್ನೇ ಹಿಡಿಯೋದು."

ಕಪ್ಪು ಪುಡಿಯನ್ನು ಈ ಬ್ರಷ್ಷಿನಿಂದ ಸವರಿದರೆ, ಕಣ್ಣಿಗೆ ಕಾಣದ ಬೆರಳಿನ ಗುರುತು ಎದ್ದು ಕಾಣುತ್ತದಂತೆ. ಕಳ್ಳತನವಾದ ಮನೆಗೆ ಹೋಗಿ, ಯಾರಿಗೂ ಏನೂ ಮುಟ್ಟಲು ಬಿಡದೆ, ಬಾಗಿಲು, ಬೀರು, ಲೋಟಗಳ ಮೇಲಿನ ಗುರುತು ಎತ್ತಿಕೊಂಡು ಬರುವುದೇ ನಮ್ಮ ಪಲ್ಲವಿಯ ಕೆಲಸ. ಪೊಲೀಸ್ ಇಲಾಖೆಯಲ್ಲಿ. ಪರೀಕ್ಷೆ ಬರೆದು, ಪಾಸಾಗಿ, ಆರ್ಡರು ಬಂದು, ಟ್ರೈನಿಂಗು ಮುಗಿಸಿ, ಇನ್ನೇನು ಸೋಮವಾರ ಡ್ಯೂಟಿಗೆ ಹಾಜರು. ನಾನೀಗ ಇದನ್ನು ಬರೆಯುತ್ತಿರುವುದು ಭಾನುವಾರ ಮಧ್ಯಾಹ್ನ. ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನಾಲ್ಕನೆಯದೂ ಪೂರ್ತಿಯಲ್ಲ, ತಮ್ಮ ಹುಟ್ಟಿದ ಅಂತ ತೊಟ್ಟಿಲು ತೂಗಲು ಬಿಡಿಸಿದರು. ಒತ್ತಕ್ಷರದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆರ್ಡರು ಬಂದ ದಿನ ನಾನು ತುಮಕೂರಿನ ನಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿದೆ. ಸೊಪ್ಪಿನವನಿಗೆ ಕೊಟ್ಟೆ, ಕಸದ ಗಾಡಿಯವಳಿಗೆ ಕೊಟ್ಟೆ, ಮೀಟರ್ ನೋಡಲು ಬಂದವನು ಬೇಡ ಅಂದರೂ ಕೊಟ್ಟೆ, ಅವನಿಗೆ ಸಕ್ಕರೆ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ನನ್ನ ಮಗ, ಹೈಸ್ಕೂಲು ಮೇಷ್ಟ್ರು, "ಅವ್ವಾ, ಅವಳು ಇನ್ನೂ ಯಾರ್ನೂ ಹಿಡ್ದಿಲ್ಲ" ಅಂದ. ಹಿಡಿಯುತ್ತಾಳೆ ಬಿಡು ಅಂದೆ.

ಎದುರು ಮನೆಯ ರತ್ನಮ್ಮನಿಗೂ ಕೊಟ್ಟೆ. ಆಕೆ ಒಂದು ತುಂಡು ಬಾಯಿಗಿಟ್ಟುಕೊಂಡೇ ಅಂದಳು: "ಅಲ್ಲ ಕಣ್ ಗಂಗಮ್ನೋರೇ, ಹೆಣ್ಮಕ್ಳಿಗೆ ಟೀಚರ್ ಕೆಲ್ಸ ಚೆಂದ, ಬ್ಯಾಂಕ್ ಕೆಲ್ಸ ಚೆಂದ. ಕಳ್ರು ಕಾಕ್ರ ಹಿಂದೆ ಹೋಗೋ ಕೆಲ್ಸ ಗಂಡಸ್ರದ್ದು. ನಾಳೆ ಗಂಡಿನ ಕಡೆಯೋರು ಒಪ್ತಾರಾ?"

ನನಗೆ ಉರಿಯಿತು. ಇನ್ನೊಂದು ತುಂಡು ಕೊಡಲು ಹೋಗಿದ್ದವಳು ಡಬ್ಬದ ಮುಚ್ಚಳ ಹಾಕಿದೆ. "ರತ್ನಮ್ಮ, ನಮ್ಮನೇಲಿ ಹೆಂಗ್ಸು ಕಳ್ಳನ್ನ ಹಿಡಿಯೋದು ಹೊಸ್ದಲ್ಲ. ಐವತ್ತು ವರ್ಷದ ಹಿಂದೆ ನಮ್ಮತ್ತೆ ಹಿಡ್ದವ್ರೆ. ಪುಡಿ ಇರ್ಲಿಲ್ಲ, ಬ್ರಷ್ಷಿರ್ಲಿಲ್ಲ, ಬರೀ ಸಗಣಿ ಇತ್ತು" ಅಂದೆ. ರತ್ನಮ್ಮ ಬಾಯಲ್ಲಿದ್ದದ್ದನ್ನು ನುಂಗಲೋ ಬೇಡವೋ ಅನ್ನುವಂತೆ ನೋಡಿದಳು. ಆಕೆಗೆ ಅಂದು ಅರ್ಧ ಹೇಳಿದೆ. ನಿಮಗೆ ಪೂರ್ತಿ ಹೇಳುತ್ತೇನೆ.

ನನ್ನ ತವರು ಗುಬ್ಬಿ ತಾಲ್ಲೂಕು, ನಿಟ್ಟೂರಿನ ಹತ್ತಿರ. ಕೊಟ್ಟದ್ದು ಕುಣಿಗಲ್ ತಾಲ್ಲೂಕಿಗೆ, ಹುಲಿಯೂರುದುರ್ಗದ ಬೆಟ್ಟ ಹಿತ್ತಲಿನಿಂದ ಕಾಣುವ ಊರಿಗೆ. ಈಗ ಕಾರಿನಲ್ಲಿ ಹೊರಟರೆ ಸೀರೆ ಮಡಿಕೆ ಮುರಿಯುವುದಿಲ್ಲ. ಆಗ ಮೂರು ಬಸ್ಸು. ಮೂರನೆಯದು ತಪ್ಪಿದರೆ ಕುಣಿಗಲ್ಲಿನಲ್ಲೇ ಬುತ್ತಿ ಬಿಚ್ಚಬೇಕು. ನನಗೆ ಹದಿನೆಂಟು. ನಮ್ಮತ್ತೆ ದೇವೀರಮ್ಮ ನನ್ನನ್ನು ನೋಡಲು ಬಂದಾಗ ಹಾಡು ಕೇಳಲಿಲ್ಲ, ಅಡುಗೆ ಕೇಳಲಿಲ್ಲ. ನಮ್ಮ ಹಿತ್ತಲಿಗೆ ಹೋಗಿ ಒಂದು ಸುತ್ತು ಹಾಕಿ ಬಂದು "ಆಯ್ತು" ಅಂದರು. ಹಿತ್ತಲಲ್ಲಿ ಏನು ನೋಡಿದರು ಅಂತ ನಮ್ಮಪ್ಪನಿಗೆ ಸಾಯುವವರೆಗೂ ತಿಳಿಯಲಿಲ್ಲ.

ಅತ್ತೆ ಅಂದರೆ ಕಣ್ಣು. ಎಲುಬು ಚರ್ಮ ಬರೀ ಆ ಕಣ್ಣು ಹೊರಲಿಕ್ಕೆ ಇದ್ದವು. ನಾನು ತೊಳೆದಿಟ್ಟ ಪಾತ್ರೆಯನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಹಚ್ಚಿದ ಸೊಪ್ಪಿನಲ್ಲಿ ಒಂದು ಹುಲ್ಲುಕಡ್ಡಿ ಉಳಿದಿದ್ದರೆ ಮಡಕೆಯೊಳಗಿಂದಲೂ ಕಂಡುಹಿಡಿಯುತ್ತಿದ್ದರು. "ಏನಮ್ಮೀ, ಮುದ್ದೆ ಕಟ್ಟುವಾಗ ಕೆರ್ಕೊಂಡ್ಯಾ, ಒಂದ್ ಕಡೆ ಸೊಟ್ಟ ಐತೆ" ಅನ್ನುವರು. ಹೌದು, ಕೆರೆದುಕೊಂಡಿದ್ದೆ! ಒಲೆ ಮುಂದೆ ನಾನೊಬ್ಬಳೇ ಇದ್ದದ್ದು. ಎಷ್ಟು ಸಲ ಹಿತ್ತಲಿನ ನುಗ್ಗೆಮರದ ಕೆಳಗೆ ನಿಂತು ಅತ್ತಿದ್ದೇನೋ! ಅತ್ತು ಬಂದರೆ, "ನುಗ್ಗೆಮರದ ತಾವ ನಿಂತಿದ್ದೆಯಾ? ತಲೇಲಿ ಹೂವು ಉದುರೈತೆ" ಅಂತ ಅದನ್ನೂ ಹಿಡಿದುಬಿಡುವರು. ಅಳುವುದಕ್ಕೂ ಗುಟ್ಟಿಲ್ಲದ ಮನೆ.

ಆದರೆ ಊರ ಹೆಂಗಸರಿಗೆ ನಮ್ಮತ್ತೆಯೇ ಠಾಣೆ. ಕೋಳಿ ಕಾಣೆಯಾದರೆ ಬರುವರು, ಒಣಹಾಕಿದ ಮೆಣಸಿನಕಾಯಿ ಕಮ್ಮಿಯಾದರೆ ಬರುವರು. ಅತ್ತೆ ಎಲೆ ಅಡಿಕೆ ಹಾಕಿಕೊಂಡು ಹೋಗಿ ನೆಲ ನೋಡಿಕೊಂಡು ಬರುವರು, ಅಷ್ಟೇ. ನಮ್ಮ ಮನೆಯಲ್ಲೇ ಒಂದು ಸಲ ನೆಲುವಿನಲ್ಲಿ ತೂಗುಹಾಕಿದ್ದ ಮೊಸರು ದಿನಾ ಕಮ್ಮಿಯಾಗುತ್ತಿತ್ತು. ಮಾವ ಬೆಕ್ಕಿನ ಮೇಲೆ ಹೇಳಿದರು. ಬೆಕ್ಕಿಗೆ ಎರಡು ಏಟೂ ಕೊಟ್ಟರು. ಅತ್ತೆ ಮಡಕೆಯ ಕಡೆ ನೋಡಲೇ ಇಲ್ಲ, ನೆಲುವಿನ ಹಗ್ಗ ನೋಡಿದರು. "ಬೆಕ್ಕು ಮೊಸ್ರು ತಿಂದಿದ್ದು ಸೈ. ತಿಂದಾದ್ಮೇಲೆ ಗಂಟು ಹಾಕಿ ಹೋಗೋ ಬೆಕ್ಕು ನಾನೆಲ್ಲೂ ನೋಡ್ಲಿಲ್ಲ. ಅದೂ ನೊಗಕ್ಕೆ ಹಾಕೋ ಗಂಟು" ಅಂದರು. ಮಾವ ಎದ್ದು ತೋಟಕ್ಕೆ ಹೋದರು. ಆ ಬೇಸಿಗೆಯೆಲ್ಲ ಅವರಿಗೆ ನೀರು ಮಜ್ಜಿಗೆ.

ಇಷ್ಟು ಕಣ್ಣಿದ್ದವರಿಗೆ ನನ್ನಲ್ಲಿ ಕಂಡ ದೊಡ್ಡ ಕುಂದು ನನ್ನ ಎಡಗೈ. ಹುಟ್ಟಿದಾಗಿನಿಂದ ನನಗೆ ಎಡಗೈಯೇ ಕೈ. ಉಣ್ಣುವುದು, ಬಡಿಸುವುದು, ಕುಂಕುಮ ಕೊಡುವುದನ್ನು ಬಲಗೈಯಲ್ಲಿ ಮಾಡು ಅಂತ ನಮ್ಮವ್ವ ಹೊಡೆದು ಕಲಿಸಿದ್ದಳು. ಆದರೆ ಕಸ ಗುಡಿಸುವಾಗ, ಸಗಣಿ ಕಲೆಸುವಾಗ, ಯಾರೂ ನೋಡುತ್ತಿಲ್ಲ ಅನ್ನುವಾಗ ಎಡಗೈ ತಾನೇ ಮುಂದೆ ಬರುತ್ತಿತ್ತು. ಅತ್ತೆ ಮೊದಲ ದಿನವೇ ಹಿಡಿದರು. "ನೆಂಟ್ರ ಮುಂದೆ ಆ ಕೈ ತೆಗೆದೀಯ ಜೋಕೆ. ಎಡಗೈ ಸೊಸೆ ತಂದ್ಲು ದೇವೀರಿ ಅಂತ ಊರು ಆಡ್ಕೊಂಡಾತು" ಅಂದರು. ಮನೆಯವರಿಗೆ ಬಿಟ್ಟರೆ ಹೊರಗಿನ ಒಂದು ನರಪಿಳ್ಳೆಗೂ ಅದು ಗೊತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬೆರಣಿ ತಟ್ಟುವುದು ನನ್ನ ಪಾಲಿನ ಕೆಲಸ. ಪೇಟೆಯ ಮಕ್ಕಳು ಇದನ್ನು ಓದಿದರೆ ಅಂತ ಹೇಳುತ್ತೇನೆ: ಸಗಣಿಗೆ ರಾಗಿ ಹೊಟ್ಟು ಸೇರಿಸಿ ಕಲೆಸಿ, ಗೋಡೆಗೆ ತಟ್ಟಿ ಒಣಗಿಸಿದರೆ ಬೆರಣಿ, ಒಲೆಗೆ ಉರುವಲು. ಬೇಸಿಗೆಯಲ್ಲಿ ತಟ್ಟಿದ್ದನ್ನೆಲ್ಲ ಮಳೆಗೆ ಮುಂಚೆ ಹಿತ್ತಲಿನಲ್ಲಿ ಪುಟ್ಟ ಗುಡಿಸಲಿನ ಹಾಗೆ ಒಟ್ಟಿ, ನೆನೆಯದಿರಲಿ ಅಂತ ಮೇಲೆಲ್ಲ ಸಗಣಿ ಬಳಿದು ಮುಚ್ಚುವುದು. ಅದೇ ಬೆರಣಿ ಗೂಡು. ಹೆಂಗಸರು ಬಳಿದರೆ ಕೈ ಅರ್ಧಚಂದ್ರ ತಿರುಗುತ್ತದೆ, ಒಂದರ ಮೇಲೊಂದು, ಮೀನಿನ ಹುರುಪೆಯ ಹಾಗೆ. ಎಲ್ಲರ ಚಂದ್ರ ಒಂದು ಕಡೆಗೆ ಬಾಗಿದರೆ ನನ್ನದು ಇನ್ನೊಂದು ಕಡೆಗೆ. ಮೊದಲ ವರ್ಷ ನಾನು ಗೂಡು ಬಳಿದು ಮುಗಿಸಿದಾಗ ಅತ್ತೆ ಸುತ್ತಲೂ ತಿರುಗಿ ನೋಡಿ ಹಣೆ ಚಚ್ಚಿಕೊಂಡರು. "ಲೋಕಕ್ಕೆಲ್ಲ ಒಂದ್ ದಾರಿ ಆದ್ರೆ ಇವ್ಳ ಚಂದ್ರ ಹಿಂದಿಂದೆ ಮೂಡ್ತಾನೆ. ಹೆಬ್ಬೆಟ್ಟು ಒತ್ತಕ್ಕಿಲ್ಲ, ಕಿರುಬೆರಳು ಮುಟ್ಟಕ್ಕಿಲ್ಲ." ದಿನಾ ಅದೇ ಹಾಡು. ನಾನು ಆ ಗೂಡನ್ನು ಕಂಡರೆ ಮುಖ ತಿರುಗಿಸುತ್ತಿದ್ದೆ.

ಆ ಮುಂಗಾರಿಗೆ ಅತ್ತೆಯ ತಮ್ಮ ನಂಜಪ್ಪ ಉಳುಮೆಗೆ ನೆರವಾಗಲು ಬಂದ. ನಮ್ಮ ಯಜಮಾನರಿಗೆ ಸೋದರಮಾವ. ಅತ್ತೆಗೆ ಈ ತಮ್ಮನೆಂದರೆ ಪ್ರಾಣ. ತಾಯಿ ಸತ್ತಮೇಲೆ ಸೊಂಟದ ಮೇಲೆ ಹೊತ್ತು ಸಾಕಿದ್ದು ಅವರೇ. ಅವನು ಬಂದರೆ ಮಾತ್ರ ಅತ್ತೆಯ ಕಣ್ಣು ಕುಂದು ಹುಡುಕುವುದನ್ನು ನಿಲ್ಲಿಸುತ್ತಿತ್ತು. ಅವನಿಗೋ ತನ್ನ ಜೋಡೆತ್ತೇ ಪ್ರಾಣ. ಬೆಳಗ್ಗೆ ಸಂಜೆ ಅವುಗಳ ಮೈ ತೊಳೆಯುವನು. ಬೆನ್ನಿನ ಮೇಲೆ ಉದ್ದಕ್ಕೆ ಒಂದು ಸಲ ಉಜ್ಜುವುದು, ಕೊನೆಯಲ್ಲಿ ನೀರು ಹಾರುವ ಹಾಗೆ ಮಣಿಕಟ್ಟು ಫಟ್ಟಂತ ಕೊಡವುವುದು. ಉಜ್ಜುವುದು, ಕೊಡವುವುದು. ನೋಡುತ್ತಾ ನಿಂತರೆ ನಮ್ಮ ಮೈಗೂ ಹಿತವಾಗುವಂತಿತ್ತು.

ಆದರೆ ನನ್ನನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕಾರಣ ಇತ್ತು. ನಮ್ಮಲ್ಲಿ ಅಕ್ಕನ ಮಗನಿಗೆ ತಮ್ಮನ ಮಗಳು ಅಂತ ತೊಟ್ಟಿಲಲ್ಲೇ ಮಾತಾಗಿರುತ್ತದೆ. ನಂಜಪ್ಪನಿಗೂ ಒಬ್ಬಳು ಮಗಳಿದ್ದಳು. ಆ ಹುಡುಗಿಯನ್ನು ಬಿಟ್ಟು ಅತ್ತೆ ಮೂರು ಬಸ್ಸು ಹತ್ತಿ ಬಂದು ನನ್ನನ್ನು ತಂದಿದ್ದರು. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ.

ಅವನು ಬಂದ ನಾಲ್ಕನೆಯ ದಿನ ಅತ್ತೆಯ ಕಾಸಿನ ಸರ ಕಾಣೆಯಾಯಿತು. ಪೆಟ್ಟಿಗೆ ಹಾಗೇ ಇದೆ, ಬೀಗ ಹಾಗೇ ಇದೆ, ಸರ ಇಲ್ಲ. ಬೀಗದ ಕೈ ಇರುತ್ತಿದ್ದದ್ದು ದೀಪದ ಗೂಡಿನಲ್ಲಿ, ಮನೆಯವರಿಗೆಲ್ಲ ಗೊತ್ತು. ಎಲ್ಲರೂ ನನ್ನ ಕಡೆ ನೋಡಿದರು. ಮನೆಗೆ ಹೊಸಬಳು ನಾನೊಬ್ಬಳೇ. ಅತ್ತೆ ಮಾತ್ರ ಎಂದಿನಂತೆ ಪಾತ್ರೆ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೂರು ದಿನ ನಾನು ಅನ್ನ ನುಂಗಿದ್ದು ಹೇಗೋ ದೇವರಿಗೇ ಗೊತ್ತು. ಕಳ್ಳಿ ಅನ್ನಿಸಿಕೊಂಡು ತವರಿಗೆ ಹೋದರೆ ಆ ಹೊಸಿಲು ಮತ್ತೆ ತುಳಿಯುವಂತಿಲ್ಲ. ನನ್ನ ಹಿಂದೆ ಇನ್ನೂ ಇಬ್ಬರು ತಂಗಿಯರು, ಅವರ ಕೈಯನ್ನು ಯಾರು ಹಿಡಿಯುತ್ತಾರೆ?

ನಂಜಪ್ಪ, "ಅಕ್ಕಾ, ಅಂಜನ ಹಾಕ್ಸಾನ. ಕಳ್ರು ಯಾರು ಅಂತ ತಾನೇ ಕಾಣ್ತದೆ" ಅಂದ. ಮಾರ್ಕೋನಹಳ್ಳಿ ಕಡೆಯಿಂದ ಒಬ್ಬ ಅಂಜನದವನನ್ನು ತಾನೇ ಕರೆತಂದ. ವೀಳ್ಯದೆಲೆಯ ಮೇಲೆ ಎಣ್ಣೆ ಕಾಡಿಗೆ ಸವರಿ, ಅದರೊಳಗೆ ಕಳೆದ ವಸ್ತು ನೋಡಿ ಹೇಳುವುದು ಅವನ ಕಸುಬು. ಊರ ನ್ಯಾಯ ಹೇಳುವ ಹಿರಿಯರು ಮರಿಗೌಡರು ಬಂದು ನಮ್ಮ ಜಗುಲಿಯಲ್ಲಿ ಕೂತರು. ಅವರ ಹಿಂದೆ ಅರ್ಧ ಊರು.

ಅಂಜನದವನು ಎಲೆಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ, "ಕಾಣ್ತದೆ, ಕಾಣ್ತದೆ. ಒಂದು ಹೆಣ್ಣು. ಎಳೇದು. ಕೈಯೆಲ್ಲ ಸಗಣಿ. ಎಡಗೈಲಿ ಏನೋ ಮುಚ್ತಾ ಅವ್ಳೆ... ಬೆರಣಿ ಗೂಡಿನೊಳಿಕ್ಕೆ" ಅಂದ.

ಜಗುಲಿ ಗುಜುಗುಜು ಅಂದಿತು. ನಂಜಪ್ಪ ಎದ್ದೇಬಿಟ್ಟ. "ಇನ್ನೇನ್ ಬೇಕು ಗೌಡ್ರೇ? ತೆಗೀರಿ ಗೂಡ್ನ. ಸಿಕ್ರೆ ಇವತ್ತೇ ಬಸ್ ಹತ್ಸಾನ ಇವ್ಳ." ಗಂಡಸರು ಹಾರೆ ಹಿಡಿದು ಹಿತ್ತಲಿಗೆ ನುಗ್ಗಿದರು. ನೋಡಿದರೆ ಗೂಡಿನ ಒಂದು ಮಗ್ಗುಲಲ್ಲಿ, ಮೊರದಗಲ, ಹೊಸದಾಗಿ ಬಳಿದ ಗುರುತು. ಉಳಿದದ್ದೆಲ್ಲ ಒಣಗಿ ಬೆಳ್ಳಗಾಗಿದ್ದರೆ ಅದೊಂದು ಮಾತ್ರ ಹಸಿರು.

ಆಗ ಅತ್ತೆ ಬಂದರು. ಕೈಯಲ್ಲಿ ಕಸಪೊರಕೆ. ಗೂಡಿಗೆ ಬೆನ್ನು ಕೊಟ್ಟು ನಿಂತರು.

"ಯಾರಾರ ಇದನ್ನ ಮುಟ್ಟಿದ್ರೆ ಮಖ ನೋಡಕ್ಕಿಲ್ಲ, ಬಾರಿಸ್ಬುಡ್ತೀನಿ."

"ದೇವೀರಮ್ಮ, ಹೆಂಗಸ್ರು ಮಧ್ಯ ಬರಬೇಡಿ, ಇದು ನ್ಯಾಯದ ವಿಷ್ಯ" ಅಂದರು ಮರಿಗೌಡರು.

"ಸರ ನಂದು, ಸೊಸೆ ನಂದು, ಬೆರಣಿ ನಂದು. ಇದ್ರಾಗೆ ನಿಮ್ದೇನೈತೆ ಗೌಡ್ರೇ?"

ಮರಿಗೌಡರು ಮೀಸೆ ಮುಟ್ಟಿಕೊಂಡರು. ಅತ್ತೆ ಅಂಜನದವನ ಕಡೆ ತಿರುಗಿದರು. "ನನ್ ಸೊಸೆ ಎಡಗೈಯೋಳು ಅಂತ ಈ ಮನೆಯೋರಿಗೆ ಬಿಟ್ರೆ ನರಮನ್ಸಂಗೆ ಗೊತ್ತಿಲ್ಲ. ನಾನೇ ಮುಚ್ಚಿಟ್ಟಿದ್ದೆ. ನಿಂಗ್ಯಾರಪ್ಪ ಹೇಳ್ದೋರು? ಎಲೆ ಹೇಳ್ತಾ, ಇಲ್ಲ ಎಲೆ ತಂದುಕೊಟ್ಟೋರು ಹೇಳಿದ್ರಾ?" ಅವನು ಎಲೆಯನ್ನು ಮಡಿಚಿ ಜೇಬಿಗಿಟ್ಟುಕೊಂಡ. ಎಣ್ಣೆ ಅಂಗಿಗೆ ಇಳಿಯುತ್ತಿದ್ದರೂ ಗೊತ್ತಾಗಲಿಲ್ಲ ಅವನಿಗೆ.

"ಈ ಗೂಡು ಬಳಿದೋಳು ನನ್ ಸೊಸೆ" ಅಂದರು ಅತ್ತೆ. "ಎಲ್ಲಾ ನೋಡಿ, ಚಂದ್ರ ಎಲ್ಲಾ ಹಿಂದಿಂದೆ. ಇದಕ್ಕೆ ನಾನು ಬಯ್ಯದ ದಿನ ಇಲ್ಲ. ಈಗ ಈ ಹಸೀದ್ ನೋಡಿ. ಹೊಟ್ಟು ಹಾಕದೆ ಕಲೆಸವ್ರೆ, ಅದಕ್ಕೇ ಸೀಳು ಬುಟ್ಟೈತೆ. ಕೈ ಸುತ್ತಿಲ್ಲ, ಉದ್ದುದ್ದ ಎಳ್ದೈತೆ. ಗಂಡಸ್ರ ಕೈ ಇದು. ಜನ್ಮದಾಗೆ ಸಗಣಿ ಬಳೀದೆ ಇರೋ ಕೈ. ಮೂರು ದಿನದಿಂದ ನೋಡ್ತಾ ಇವ್ನಿ. ಯಾರು ಬಂದು ಬೆರಳು ತೋರಿಸ್ತಾರೆ ಅಂತ ಕಾಯ್ತಾ ಇದ್ದೆ."

ಅತ್ತೆ ಒಂದು ಮಂಕರಿ ಸಗಣಿ ತರಿಸಿ ಕೊಟ್ಟಿಗೆ ಗೋಡೆಯ ಮುಂದೆ ಇಟ್ಟರು. "ಈ ಮನೇಲಿ ಮೂರು ದಿನದಿಂದ ಉಂಡೋರೆಲ್ಲ ಬಂದು ಈ ಗೋಡೆಗೆ ಒಂದ್ ಕೈ ಬಳೀರಿ."

"ಗಂಡಸ್ರ ಕೈಲಿ ಸಗಣಿ ಬಳಿಸ್ತೀರಾ?" ಅಂದರು ಮರಿಗೌಡರು. ಅವರ ದನಿಯಲ್ಲಿ ನ್ಯಾಯಕ್ಕಿಂತ ಹೆಚ್ಚಾಗಿ ಭಯ ಇತ್ತು.

"ಒಲೆ ಉರ್ಸೋವಾಗ ಗಂಡಸ್ರಿಗೆ ಬೇರೆ ಬೆರಣಿ ಇಕ್ತೀನಾ? ಬನ್ನಿ ಗೌಡ್ರೇ, ನೀವೇ ಮೊದ್ಲು. ನ್ಯಾಯ ಹೇಳೋ ಕೈಗೂ ಒಂಚೂರು ಹತ್ಲಿ."

ಹೆಂಗಸರ ಗುಂಪಿನಿಂದ ಯಾರೋ ಕಿಸಕ್ಕೆಂದರು. ಆ ನಗುವಿಗೆ ಹೆದರಿಯೇ ಇರಬೇಕು, ಮರಿಗೌಡರು ಪಂಚೆ ಎತ್ತಿಕಟ್ಟಿ ಒಂದು ಕೈ ಬಳಿದರು. ಚಪಾತಿ ಬಡಿದ ಹಾಗೆ ಬಂತು. ಮಾವ ಬಂದರು. ಅವರಿಗೆ ಮೊಸರಿನ ಕಾಲದಿಂದಲೂ ಎದುರಾಡುವ ಚಟವಿರಲಿಲ್ಲ. ನಮ್ಮ ಯಜಮಾನರು ಬಳಿದರು, ಕಿವಿಯೆಲ್ಲ ಕೆಂಪು. ಆಮೇಲೆ ಅತ್ತೆ ನನ್ನ ಕಡೆ ನೋಡಿದರು.

"ಬಾರಮ್ಮೀ. ಎಡಗೈಲೇ ಬಳಿ. ಎಲ್ರಿಗೂ ಕಾಣಂಗೆ ಬಳಿ."

ನಾನು ಬಳಿದೆ. ಇಷ್ಟು ವಯಸ್ಸಿನಲ್ಲಿ ನಾನು ಏನೇನೋ ಮಾಡಿದ್ದೇನೆ, ಮೂರು ಮಕ್ಕಳನ್ನು ಹೆತ್ತಿದ್ದೇನೆ. ಆದರೆ ಅಷ್ಟು ಜನರ ಮುಂದೆ ಸೆರಗು ಸಿಕ್ಕಿಸಿ ಎಡಗೈ ಬೀಸಿ ಆ ಗೋಡೆಯ ಮೇಲೆ ಹಿಂದುಮುಂದಾದ ಚಂದ್ರ ಬರೆದೆನಲ್ಲ, ಅಂಥ ಕೆಲಸ ಮತ್ತೊಂದು ಮಾಡಿಲ್ಲ.

ಉಳಿದವನು ನಂಜಪ್ಪ. "ನಾನು ಬಳಿಯಕ್ಕಿಲ್ಲ, ಗಂಡ್ಸು ನಾನು" ಅಂದ.

"ಎತ್ತಿನ ಸಗಣಿ ಬಾಚೋವಾಗ ಯಾರ್ಲಾ ನೀನು?"

ಅವನು ಮುಂದೆ ಬಂದ. ಜಾಣನೇ. ನಾನು ಬಳಿದದ್ದನ್ನು ನೋಡಿಕೊಂಡಿದ್ದ. ಮೆಲ್ಲಗೆ, ಹೆಂಗಸರ ಹಾಗೆ, ಕೈಯನ್ನು ಅರ್ಧಚಂದ್ರ ತಿರುಗಿಸಿದ. ಒಂದು, ಎರಡು, ಮೂರು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಮೂರನೆಯದು ಮುಗಿಸಿ ಕೈ ತೆಗೆಯುವಾಗ ಅವನ ಮಣಿಕಟ್ಟು, ಅವನನ್ನು ಕೇಳದೆಯೇ, ಫಟ್ಟಂತ ಕೊಡವಿತು. ಗೋಡೆಯ ಮೇಲೆ, ಅಕ್ಷರಕ್ಕೆ ಕೊಂಬು ಕೊಟ್ಟ ಹಾಗೆ, ಒಂದು ಬಾಲ ಎದ್ದಿತು.

ಅತ್ತೆ ಬೆರಣಿ ಗೂಡಿನ ಹಸಿ ಗುರುತಿನ ಹತ್ತಿರ ಹೋಗಿ, ಪೊರಕೆಕಡ್ಡಿಯಿಂದ ತೋರಿಸಿದರು. ಉದ್ದುದ್ದ ಎಳೆದ ನಾಲ್ಕು ಪಟ್ಟೆ. ನಾಲ್ಕರ ತುದಿಗೂ ಅದೇ ಬಾಲ. ಎತ್ತಿನ ಮೈ ಉಜ್ಜುವ ಕೈಯನ್ನು ಆ ಊರಿನಲ್ಲಿ ಕಾಣದವರು ಯಾರಿದ್ದರು? ಮರಿಗೌಡರು ಸಗಣಿಯ ಕೈಯಲ್ಲೇ ತಲೆ ಮುಟ್ಟಿಕೊಂಡರು. ಆಮೇಲೆ ಗೂಡು ತೆಗೆದರು. ಒಳಗೆ ಸರ ಇತ್ತು, ನಂಜಪ್ಪನ ಎತ್ತಿನ ಕೊಂಬಿಗೆ ಕಟ್ಟುವ ಕೆಂಪು ಬಟ್ಟೆಯ ಚೂರಿನಲ್ಲಿ ಸುತ್ತಿಕೊಂಡು.

"ಚಿನ್ನದ ಆಸೆಗಲ್ಲ ಅಕ್ಕ" ಅಂದ ನಂಜಪ್ಪ, ನೆಲ ನೋಡುತ್ತಾ. "ನನ್ ಮಗ್ಳಿಗೆ ಆಗ್ಬೇಕಿದ್ದ ಮನೆ ಇದು. ಇವ್ಳು ಹೋದ್ರೆ..."

"ನಿನ್ ಮಗ್ಳೇ ನನ್ ಕಿವೀಲಿ ಅಂದಿದ್ಲು ಕಣ್ಲಾ. ಭಾವನ್ನ ಅಣ್ಣನಂಗೆ ನೋಡ್ಕೊಂಡು ಬೆಳ್ದಿವ್ನಿ, ಬ್ಯಾಡ ಅತ್ತೆ ಅಂತ. ನಿಂಗೆ ಹೇಳಿದ್ರೆ ಹೊಡೀತೀಯ ಅಂತ ನಾನೇ ಮಾತು ಹೊತ್ಕೊಂಡೆ. ಹೆಣ್ ಮಗ ಬ್ಯಾಡ ಅಂದ್ರೆ ಬ್ಯಾಡ ಅಂತ. ಹೋಗು. ಎತ್ತು ಹೊಡ್ಕೊಂಡು ಹೋಗು."

ಅವನು ಹೋದ. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಅತ್ತೆ ತಿರುಗಿ ನೋಡಲಿಲ್ಲ. ಗೋಡೆ ತೊಳೆಯುತ್ತಾ ನಿಂತರು.

ಸಂಜೆ ನಾನು ಅಳುತ್ತಾ ಕೇಳಿದೆ, "ಅತ್ತೆಮ್ಮ, ಮೂರು ದಿನದಿಂದ ಗೊತ್ತಿತ್ತಲ್ಲ, ನನಗಾದ್ರೂ ಒಂದ್ ಮಾತು ಹೇಳಬಾರ್ದಿತ್ತಾ?"

"ನಿಂಗೇಳಿದ್ರೆ ನಿನ್ ಮಖ ಊರಿಗೆಲ್ಲ ಸಾರ್ಬುಡ್ತಿತ್ತು" ಅಂದರು. ಆಮೇಲೆ, "ನಿಮ್ಮೂರಿನ ಹಿತ್ತಲಾಗೇ ನೋಡಿದ್ದೆ ಕಣಮ್ಮೀ ಆ ಹಿಂದಿನ ಚಂದ್ರನ್ನ. ಬಗ್ಗಿಸಿದ್ರೂ ಬಗ್ಗದಿರೋ ಕೈ ಅಂತ ತಾನೇ ತಂದಿದ್ದು" ಅಂದರು. ಅಂದು ರಾತ್ರಿಯ ಮುದ್ದೆ ಸೊಟ್ಟಗಿದೆ ಅಂತಲೂ ಅಂದರು.

ಆದರೆ ನ್ಯಾಯ ಬಿಟ್ಟಿಯಾಗಿ ಸಿಗಲಿಲ್ಲ. ಎರಡು ತಿಂಗಳಿಗೆ ಗೌರಿ ಹಬ್ಬ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಬರಬೇಕು. ಮೊರದ ತುಂಬ ಅರಿಸಿನ, ಕುಂಕುಮ, ಬಳೆ, ಕಾಯಿ. ಎಷ್ಟು ವಯಸ್ಸಾಗಿರಲಿ, ಆ ಒಂದು ಮೊರ ಬಂದರೆ ಹೆಣ್ಣಿಗೆ ತವರು ಇದೆ ಅಂತ. ಅತ್ತೆಗೆ ಅದು ತರುತ್ತಿದ್ದವನು ನಂಜಪ್ಪ ಒಬ್ಬನೇ. ಹಬ್ಬದ ಹಿಂದಿನ ದಿನ ಅತ್ತೆ ಜಗುಲಿ ಗುಡಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಗುಡಿಸಿದರು. ಮೂರನೆಯ ಸಲ ಪೊರಕೆ ಹಿಡಿದು ಹೊರಟಾಗ ನನಗೆ ತಿಳಿಯಿತು, ಕಸಕ್ಕಲ್ಲ, ದಾರಿಗೆ ಅಂತ. ಅವರ ಜೊತೆ ಇದ್ದು ಇದ್ದು ನನಗೂ ಒಂಚೂರು ಕಣ್ಣು ಬಂದಿತ್ತು.

ನಾನು ಮುಂಚೆಯೇ ನಮ್ಮಪ್ಪನಿಗೆ ಒಂದು ಕಾಗದ ಬರೆದಿದ್ದೆ. ನಾಲ್ಕನೇ ಕ್ಲಾಸಿನ ಓದು ಕೆಲಸಕ್ಕೆ ಬಂದದ್ದು ಅದೊಂದು ಸಲ. ಬಿಸಿಲು ಇಳಿಯುವ ಹೊತ್ತಿಗೆ ನಮ್ಮಪ್ಪ ಮೂರು ಬಸ್ಸಿನ ಧೂಳು ಹೊತ್ತು ಬಂದ. ಕೈಯಲ್ಲಿ ಎರಡು ಮೊರ.

"ಒಂದು ಗಂಗೂಗೆ" ಅಂದ. "ಇನ್ನೊಂದು ತಮಗೆ ತಾಯಿ. ನಮ್ಮನೇಲಿ ಮೂರು ಹೆಣ್ಮಕ್ಳು ಅಂದ್ಕೊಂಡಿದ್ದೆ. ನಾಲ್ಕು ಅಂತೆ."

ಅತ್ತೆ ಮೊರ ತೆಗೆದುಕೊಂಡರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಅರಿಸ್ನ ಒಂದ್ ಕಡೆ ತೆಳ್ಳಗೆ ಬಳ್ದವ್ರೆ" ಅಂದರು. ಅಂದವರು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು. ಬರುವಾಗ ಅವರ ತಲೆಯ ಮೇಲೆ ಎರಡು ನುಗ್ಗೆಹೂವಿದ್ದವು. ನಾನು ನೋಡಿದೆ. ಹೇಳಲಿಲ್ಲ.

ಅವರು ಇರುವವರೆಗೂ ಪ್ರತಿ ಗೌರಿಗೂ ನಿಟ್ಟೂರಿನಿಂದ ಎರಡು ಮೊರ ಬಂದವು. ಪ್ರತಿ ಸಲವೂ ಒಂದು ಕುಂದು ಸಿಕ್ಕಿತು.

ಫೋಟೋ ಕರ್ರಗಾದ ದಿನ ಪಲ್ಲವಿಗೂ ಇದನ್ನೆಲ್ಲ ಹೇಳಿದೆ. ಕೇಳಿ ಅವಳು ಬ್ರಷ್ಷು ತೊಳೆಯುವುದನ್ನೇ ಮರೆತು ಕೂತಿದ್ದಳು. "ಅಜ್ಜಿ, ಮುತ್ತಜ್ಜಿ ಮಾಡಿದ್ದನ್ನೇ ನಮಗೆ ತಿಂಗಳುಗಟ್ಟಲೆ ಕಲಿಸಿದ್ದು. ಯಾರಿಗೂ ಮುಟ್ಟಕ್ಕೆ ಬಿಡಬೇಡಿ, ಸಿಕ್ಕಿದ ಗುರುತನ್ನ ಗೊತ್ತಿರೋ ಗುರುತಿನ ಪಕ್ಕ ಇಟ್ಟು ನೋಡಿ ಅಂತ" ಅಂದಳು. ಅಂದು ಎದ್ದು ಬ್ರಷ್ಷು ಕೊಡವಿದಳು. ಎಡಗೈಯಲ್ಲಿ. ಹೌದು, ಇವಳದೂ ಎಡಗೈ. ಇವಳಿಗೆ ಯಾರೂ ಹೊಡೆದು ಬಲಗೈ ಕಲಿಸಲಿಲ್ಲ, ನಾನು ಕಲಿಸಗೊಡಲಿಲ್ಲ. ಅಂದು ನನ್ನನ್ನು ಬಸ್ಸು ಹತ್ತಿಸಿದ್ದರೆ ನನ್ನ ಮಗನಿಲ್ಲ, ಈ ಹುಡುಗಿಯಿಲ್ಲ, ಈ ಎಡಗೈಯೂ ಇಲ್ಲ.

ಇಷ್ಟು ಬರೆದು ನಿನ್ನೆ ಪುಸ್ತಕ ಮುಚ್ಚಿದ್ದೆ. ಇವತ್ತು ಬೆಳಗ್ಗೆಯದು ಸೇರಿಸಿಬಿಡುತ್ತೇನೆ. ಪಲ್ಲವಿ ಖಾಕಿ ಪ್ಯಾಂಟು, ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಕಾಲಿಗೆ ಬಿದ್ದಳು. ಎತ್ತಿ ಬೆಳಕಿಗೆ ಹಿಡಿಯುವಷ್ಟು ಶಕ್ತಿ ನನಗಿಲ್ಲ, ಬಾಗಿಲ ಹತ್ತಿರ ನಿಲ್ಲಿಸಿ ಸುತ್ತಲೂ ತಿರುಗಿ ನೋಡಿದೆ. "ಕಾಲರು ಒಂದ್ ಕಡೆ ಮಡಿಚೈತೆ ಕಣಮ್ಮೀ" ಅಂದೆ.

"ಶುರುವಾಯ್ತು" ಅಂತ ನಗುತ್ತಾ ಸ್ಕೂಟರು ಹತ್ತಿದಳು.

ರತ್ನಮ್ಮ ಎದುರು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಹೇಳಿದೆ: "ರತ್ನಮ್ಮಾ, ನಿಮ್ಮನೇಲಿ ಏನಾದ್ರೂ ಕಳೆದ್ರೆ ಗಂಡಸ್ರನ್ನ ಕಾಯ್ತಾ ಕೂರ್ಬೇಡ. ಯಾರಿಗೂ ಮುಟ್ಟಕ್ಕೆ ಬಿಡದೆ ಪೊರಕೆ ಹಿಡ್ಕೊಂಡು ನಿಂತಿರು. ನಮ್ಮುಡ್ಗಿ ಬರ್ತಾಳೆ."